ಊಟ ಬಿಟ್ಟವರಿಗೆ ಟ್ಯೂಬ್ ಹಾಕಬೇಕಾ? ದಯಾಮರಣದ ಬಗ್ಗೆ ಹಾಸನದಲ್ಲಿ ಆಡಿದ ಮಾತು

ಹಾಸನದಲ್ಲಿ ನಿವೃತ್ತರ ಸಭೆಯೊಂದಕ್ಕೆ ಕರೆದಿದ್ದರು, ದಯಾಮರಣದ ಬಗ್ಗೆ ಮಾತಾಡಿ ಅಂತ. ಅಲ್ಲಿ ಆಡಿದ್ದನ್ನೇ ಇಲ್ಲಿ ಬರೆದಿದ್ದೇನೆ. ಹೊತ್ತು ಸಾಲದೆ ಬಿಟ್ಟ ಒಂದೆರಡು ವಿಷಯ ಸೇರಿಸಿದ್ದೇನೆ. ಕೊನೆಗೆ ಬಂದ ಕೆಲವು ಪ್ರಶ್ನೆಗಳೂ ಇವೆ.

ಎಲ್ಲರಿಗೂ ನಮಸ್ಕಾರ. ನಾನು ಇದೇ ಜಿಲ್ಲೆಯಲ್ಲಿ ಡಾಕ್ಟರಾಗಿ ಕೆಲಸ ಮಾಡಿದವನು. ಧರ್ಮಶಾಸ್ತ್ರದ ಪಂಡಿತ ಅಲ್ಲ, ವಕೀಲನೂ ಅಲ್ಲ. ಆದರೆ ಸಾಯುವವರ ಪಕ್ಕ ತುಂಬಾ ಕೂತಿದ್ದೇನೆ. ಅದರಿಂದ ಹುಟ್ಟಿದ ಅಭಿಪ್ರಾಯ ನನಗೊಂದಿದೆ, ಮುಚ್ಚಿಡದೆ ಹೇಳುತ್ತೇನೆ. ಒಪ್ಪದಿದ್ದರೆ ಕೊನೆಯಲ್ಲಿ ಕೇಳಿ.

ಮೊದಲು ಒಂದು ಗೊಂದಲ ಬಗೆಹರಿಸಿಬಿಡೋಣ. 2025ರ ಜನವರಿ ಕೊನೆಯಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು. ಆಮೇಲೆ ಜನ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ಡಾಕ್ಟ್ರೇ, ಇನ್ನು ಮೇಲೆ ಇಂಜೆಕ್ಷನ್ ಕೊಟ್ಟು ಕಳಿಸಬಹುದಂತೆ, ಹೌದಾ?" ಇಲ್ಲ. ಭಾರತದಲ್ಲಿ ಇಂಜೆಕ್ಷನ್ ಕೊಟ್ಟು ಸಾಯಿಸುವುದು ಇವತ್ತಿಗೂ ಅಪರಾಧ. ಸುತ್ತೋಲೆ ಹೇಳುವುದು ಬೇರೆ. ರೋಗಿ ವಾಸಿಯಾಗುವ ಆಸೆ ಇಲ್ಲ, ಯಂತ್ರದ ಬಲದಲ್ಲಿ ಉಸಿರು ನಡೆಯುತ್ತಿದೆ, ಆ ಚಿಕಿತ್ಸೆಯಿಂದ ಉಪಯೋಗವಿಲ್ಲ ಅಂತ ಡಾಕ್ಟರುಗಳಿಗೆ ಖಾತ್ರಿಯಾಗಿದೆ ಅನ್ನಿ. ಆಗ ಆ ಯಂತ್ರ ತೆಗೆಯಬಹುದು, ಇಲ್ಲವೇ ಹಾಕದೇ ಇರಬಹುದು. ಅದಕ್ಕೂ ಆಸ್ಪತ್ರೆಯಲ್ಲಿ ಒಂದಾದ ಮೇಲೊಂದು ಎರಡು ವೈದ್ಯ ಮಂಡಳಿ ಒಪ್ಪಬೇಕು. ಎರಡನೆಯ ಮಂಡಳಿಯಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ನೇಮಿಸಿದ ಒಬ್ಬ ಡಾಕ್ಟರ್ ಇರಬೇಕು. ಹತ್ತಿರದ ಸಂಬಂಧಿಕರ ಒಪ್ಪಿಗೆ ಬೇಕು. ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು.

ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಅವರ ಹೆಸರು ನೀವು ಪೇಪರಿನಲ್ಲಿ ನೋಡಿರುತ್ತೀರಿ. ಘನತೆಯಿಂದ ಸಾಯುವ ಹಕ್ಕಿಗಾಗಿ ವರ್ಷಗಟ್ಟಲೆ ಸರ್ಕಾರಕ್ಕೆ, ಕೋರ್ಟಿಗೆ ಅಲೆದವರು. ಅವರ ಹಟದ ಬಗ್ಗೆ ನನಗೆ ಗೌರವವಿದೆ. ಆದರೆ ನೋವಿನಲ್ಲಿದ್ದೂ ಎದ್ದು ಕೂತು ಮಾತಾಡುವ ಒಬ್ಬರಿಗೆ ಈ ಸುತ್ತೋಲೆ ಏನನ್ನೂ ಕೊಡುವುದಿಲ್ಲ. ಅದು ಯಂತ್ರಕ್ಕೆ ಸಿಕ್ಕಿಕೊಂಡವರಿಗೆ ಮಾತ್ರ.

ಇನ್ನು ಇದು ಹೊಸದಾ? ಕಾಗದದಲ್ಲಿ ಹೊಸದು, ಅಷ್ಟೇ. ನಮ್ಮ ಕಡೆ ಯಾವ ಐಸಿಯು ಹೊರಗೆ ಬೇಕಾದರೂ ರಾತ್ರಿ ಹೊತ್ತು ಹೋಗಿ ನಿಂತು ನೋಡಿ. ಮಗ, ಅಳಿಯ, ಊರಿನ ಒಬ್ಬ ಹಿರಿಯರು ನಿಂತಿರುತ್ತಾರೆ. ಡಾಕ್ಟರ್ ಬಂದು "ಇನ್ನು ನಮ್ಮ ಕೈಲಿಲ್ಲ, ಮನೆಗೆ ಕರ್ಕೊಂಡು ಹೋಗೋದಾದ್ರೆ ಹೋಗಿ" ಅನ್ನುತ್ತಾರೆ. ಮಗ ಒಂದು ಫಾರಂಗೆ ಸಹಿ ಹಾಕುತ್ತಾನೆ. ಅದರಲ್ಲಿ ಏನು ಬರೆದಿರುತ್ತದೆ ಗೊತ್ತಾ? ವೈದ್ಯರ ಸಲಹೆಗೆ ವಿರುದ್ಧವಾಗಿ ನಮ್ಮ ಇಷ್ಟದಿಂದ ಕರೆದುಕೊಂಡು ಹೋಗುತ್ತಿದ್ದೇವೆ ಅಂತ. ಸಲಹೆ ಕೊಟ್ಟಿದ್ದು ಡಾಕ್ಟರೇ, ಸಹಿ ಮಾತ್ರ ಮಗನದು. ಆಂಬುಲೆನ್ಸಿನಲ್ಲಿ ಒಬ್ಬ ಹುಡುಗ ಕೈಯಲ್ಲಿ ಗಾಳಿ ಚೀಲ ಒತ್ತುತ್ತಾ ಬರುತ್ತಾನೆ, ಊರು ತಲುಪುವವರೆಗೆ. ನಡುಮನೆಯಲ್ಲಿ ಚಾಪೆ ಹಾಸಿ ಮಲಗಿಸುತ್ತಾರೆ. ಬಾಯಿಗೆ ತುಳಸಿ ನೀರು ಬಿಡುತ್ತಾರೆ. ಆಮೇಲೆ ಹುಡುಗ ಕೈ ನಿಲ್ಲಿಸುತ್ತಾನೆ.

ಇದು ನಡೆಯುತ್ತಲೇ ಬಂದಿದೆ. ಯಾವ ಮಠವೂ ಇದನ್ನು ಪಾಪ ಅನ್ನಲಿಲ್ಲ, ಯಾವ ಪೊಲೀಸರೂ ಕೇಸು ಹಾಕಲಿಲ್ಲ. ಎಷ್ಟೋ ಸಲ ಅದು ಸರಿಯಾದ ತೀರ್ಮಾನವೇ ಆಗಿರುತ್ತದೆ. ಮನೆಯಲ್ಲಿ, ತನ್ನವರ ನಡುವೆ ಜೀವ ಬಿಡಬೇಕು ಅನ್ನುವುದು ನಮ್ಮ ಜನರ ದೊಡ್ಡ ಆಸೆ. ನನಗೆ ಸಂಕಟ ಆಗುವುದು ಬೇರೆ ಎರಡು ಕಾರಣಕ್ಕೆ. ಒಂದು, ಮನೆಗೆ ಕಳಿಸುವಾಗ ಉಸಿರುಗಟ್ಟುವ ಸಂಕಟ ಕಡಿಮೆ ಮಾಡುವ ಔಷಧಿ ಯಾರೂ ಕೊಡುವುದಿಲ್ಲ. ಆ ಚಾಪೆಯ ಮೇಲೆ ಕಳೆಯುವ ಹೊತ್ತು ಕೆಲವರಿಗೆ ಬಹಳ ಕಷ್ಟದ್ದು. ಎರಡು, ಆ ತೀರ್ಮಾನ ಮಾಡಿದ್ದು ಯಾರು? ರೋಗಿ ಅಲ್ಲ. ಬಹಳ ಸಲ ಮನೆಯವರೂ ಅಲ್ಲ. ಆಸ್ಪತ್ರೆಯ ಬಿಲ್ಲು ಮಾಡಿರುತ್ತದೆ. ಕಾಫಿ ತೋಟ ಇದ್ದವರು ಇನ್ನೂ ಹದಿನೈದು ದಿನ ವೆಂಟಿಲೇಟರ್ ಮೇಲೆ ಇಡುತ್ತಾರೆ, ಕೂಲಿ ಮಾಡುವವರು ಮೂರನೇ ದಿನ ಸಹಿ ಹಾಕುತ್ತಾರೆ. ಇಬ್ಬರಲ್ಲಿ ಯಾರೊಬ್ಬರನ್ನೂ "ನಿಮ್ಮ ಅಪ್ಪ ಇದರ ಬಗ್ಗೆ ಏನಾದರೂ ಹೇಳಿದ್ದರಾ?" ಅಂತ ಯಾರೂ ಕೇಳಿರುವುದಿಲ್ಲ.

ಈ ಪ್ರಶ್ನೆ ದೇಶದ ಮುಂದೆ ಬರಲು ಕಾರಣರಾದವರು ನಮ್ಮ ರಾಜ್ಯದ ಒಬ್ಬ ಹೆಣ್ಣುಮಗಳು. ಅರುಣಾ ಶಾನಭಾಗ. ಉತ್ತರ ಕನ್ನಡದ ಹಳದೀಪುರದವರು, ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರ್‌ನಲ್ಲಿ ಅದೇ ಆಸ್ಪತ್ರೆಯ ಒಬ್ಬ ನೌಕರ ನಾಯಿ ಕಟ್ಟುವ ಸರಪಳಿಯಿಂದ ಅವರ ಕತ್ತು ಬಿಗಿದು ಅತ್ಯಾಚಾರ ಮಾಡಿದ. ಮಿದುಳಿಗೆ ರಕ್ತ ಹೋಗದೆ ಹಾನಿಯಾಯಿತು. ಆಮೇಲೆ 2015ರ ಮೇ 18ರವರೆಗೆ, ಹೆಚ್ಚುಕಡಿಮೆ 42 ವರ್ಷ, ಅವರು ಆ ಆಸ್ಪತ್ರೆಯ ಹಾಸಿಗೆಯಲ್ಲೇ ಇದ್ದರು. ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಲು ಅನುಮತಿ ಕೊಡಿ ಅಂತ ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. ಬೇಡ ಅಂದವರು ಕೆಇಎಂ ನರ್ಸ್‌ಗಳು. ತಲೆಮಾರು ಬದಲಾದರೂ ಒಬ್ಬರಾದ ಮೇಲೊಬ್ಬರು ಅವರಿಗೆ ಉಣಿಸಿ, ತೊಳೆದು, ಮಗ್ಗುಲು ಬದಲಿಸಿ ನೋಡಿಕೊಂಡವರು ಅವರು. ಅಷ್ಟು ವರ್ಷ ಮಲಗಿದ್ದರೂ ಬೆನ್ನು ಹುಣ್ಣಾಗದಂತೆ ಕಾಪಾಡಿದ್ದರು. ಈ ಕೆಲಸ ಮಾಡಿದವರಿಗೆ ಮಾತ್ರ ಗೊತ್ತು ಅದೆಷ್ಟು ಕಷ್ಟ ಅಂತ.

2011ರ ಮಾರ್ಚ್ 7ರಂದು ಕೋರ್ಟು ಆ ಅರ್ಜಿ ತಳ್ಳಿಹಾಕಿತು, ನರ್ಸ್‌ಗಳ ಮಾತು ಕೇಳಿತು. ಆದರೆ ಅದೇ ತೀರ್ಪಿನಲ್ಲಿ, ಜೀವ ಹಿಡಿದಿಡುವ ಚಿಕಿತ್ಸೆಯನ್ನು ಹೈಕೋರ್ಟ್ ಅನುಮತಿ ಪಡೆದು ನಿಲ್ಲಿಸಬಹುದು ಅಂತ ಮೊದಲ ಸಲ ಹೇಳಿತು. 2018ರ ಮಾರ್ಚ್ 9ರಂದು ಐದು ನ್ಯಾಯಮೂರ್ತಿಗಳ ಪೀಠ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ ಅಂದಿತು. ಇಂಥ ಚಿಕಿತ್ಸೆ ನನಗೆ ಬೇಡ ಅಂತ ಮುಂಚಿತವಾಗಿ ಬರೆದಿಡುವ ಲಿವಿಂಗ್ ವಿಲ್‌ಗೂ ಒಪ್ಪಿಗೆ ಕೊಟ್ಟಿತು. ಆದರೆ ಅವತ್ತು ಹಾಕಿದ ನಿಯಮಗಳು ಎಷ್ಟು ತೊಡಕಿನವಾಗಿದ್ದವು ಅಂದರೆ ಅದನ್ನು ಬಳಸುವುದೇ ಆಗದ ಮಾತು. 2023ರ ಜನವರಿಯಲ್ಲಿ ಕೋರ್ಟೇ ಅದನ್ನು ಸಡಿಲ ಮಾಡಿತು. ನಮ್ಮ ರಾಜ್ಯದ ಸುತ್ತೋಲೆ ಬಂದಿದ್ದು ಅದರ ಆಧಾರದ ಮೇಲೆ.

ಕಾನೂನು ಅಷ್ಟು ಸಾಕು. ಧರ್ಮದ ಕಡೆ ಬರೋಣ. ಈ ಚರ್ಚೆಯನ್ನು ಹಾಸನದಲ್ಲಿ ಕೂತು ಮಾಡುವಾಗ ಶ್ರವಣಬೆಳಗೊಳ ಬಿಟ್ಟು ಮಾಡೋದು ಹೇಗೆ?

ನಾವೆಲ್ಲ ದೊಡ್ಡಬೆಟ್ಟ ಹತ್ತಿ ಗೊಮ್ಮಟನನ್ನು ನೋಡಿ ಬರುತ್ತೇವೆ. ಎದುರಿನ ಚಿಕ್ಕಬೆಟ್ಟಕ್ಕೆ ಹೋಗುವವರು ಕಡಿಮೆ. ಅಲ್ಲಿ ಬಂಡೆಯ ಮೇಲೆ, ನಿಮ್ಮ ಕಾಲ ಕೆಳಗೇ, ಹಳಗನ್ನಡ ಅಕ್ಷರಗಳಿವೆ. ಹೆಚ್ಚಿನವು ಸಾವಿನ ದಾಖಲೆಗಳು. ಇಂಥವರು ಇಲ್ಲಿ ವ್ರತ ನೋಂತು ದೇಹ ಬಿಟ್ಟರು ಅಂತ ಒಂದೊಂದು ಸಾಲು. ಅದರಲ್ಲಿ ಸುಮಾರು ಕ್ರಿ.ಶ. 700ರ ಒಂದು ಪದ್ಯ ಇದೆ, ನಂದಿಸೇನ ಅನ್ನುವ ಮುನಿಯದು. ಕಾಮನಬಿಲ್ಲು, ಮಿಂಚು, ಮಂಜು ಹೇಗೆ ಕಂಡು ಬೇಗ ಮರೆಯಾಗುತ್ತವೋ ಹಾಗೆ ರೂಪ, ಹಣ, ವೈಭವ ಯಾರಿಗೂ ನಿಲ್ಲುವುದಿಲ್ಲ, ಹಾಗಿರುವಾಗ ನಾನು ಈ ಭೂಮಿಯ ಮೇಲೆ ಯಾಕೆ ಇರಲಿ ಅಂತ ಸನ್ಯಸನ, ಅಂದರೆ ದೇಹ ಬಿಡುವ ವ್ರತ, ಕೈಗೊಂಡ ಅನ್ನುತ್ತದೆ ಅದು. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಚಂದದ ಪದ್ಯಗಳಲ್ಲಿ ಒಂದು, ತಾನಾಗಿ ಸಾವಿಗೆ ಒಪ್ಪಿಕೊಂಡ ಒಬ್ಬನ ಮಾತು. ಚಂದ್ರಗುಪ್ತ ಮೌರ್ಯ ತನ್ನ ಗುರು ಭದ್ರಬಾಹುವಿನ ಜೊತೆ ಇಲ್ಲಿಗೆ ಬಂದು ಹೀಗೇ ದೇಹ ಬಿಟ್ಟ ಅನ್ನುವುದು ಜೈನರ ನಂಬಿಕೆ. ರಾಷ್ಟ್ರಕೂಟರ ನಾಲ್ಕನೆಯ ಇಂದ್ರ 982ರಲ್ಲಿ ಇಲ್ಲೇ ಸಲ್ಲೇಖನದಿಂದ, ಅಂದರೆ ವ್ರತ ಹಿಡಿದು ಮೆಲ್ಲಗೆ ಅನ್ನ ನೀರು ಬಿಟ್ಟು, ತೀರಿಕೊಂಡ.

ಸಲ್ಲೇಖನಕ್ಕೆ ನಿಯಮಗಳಿವೆ. ಜನ ಅದನ್ನು ಸುಮ್ನೆ ಉಪವಾಸ ಬಿದ್ದು ಸಾಯುವುದು ಅಂದುಕೊಂಡಿದ್ದಾರೆ. ಹಾಗಲ್ಲ. ಆಚಾರ್ಯ ಸಮಂತಭದ್ರರು ಹೇಳುವ ಪ್ರಕಾರ, ಪರಿಹಾರವೇ ಇಲ್ಲದ ವಿಪತ್ತು, ಬರಗಾಲ, ಮುಪ್ಪು ಅಥವಾ ಕಾಯಿಲೆ ಬಂದಾಗ ಮಾತ್ರ ಧರ್ಮಕ್ಕಾಗಿ ದೇಹ ಬಿಡಬಹುದು. ಗುರುವಿನ ಒಪ್ಪಿಗೆ ಬೇಕು. ಎಲ್ಲರ ಹತ್ತಿರ ಕ್ಷಮೆ ಕೇಳಬೇಕು, ಎಲ್ಲರನ್ನೂ ಕ್ಷಮಿಸಬೇಕು. ಗಟ್ಟಿ ಆಹಾರ, ಆಮೇಲೆ ಹಾಲಿನಂಥದ್ದು, ಆಮೇಲೆ ನೀರು, ಹೀಗೆ ಮೆಲ್ಲಗೆ ಬಿಡಬೇಕು. ವ್ರತ ಕೆಡಿಸುವ ಐದು ದೋಷ ಹೇಳಿದ್ದಾರೆ. ಇನ್ನೂ ಬದುಕಬೇಕು ಅನ್ನುವ ಆಸೆ ಒಂದು ದೋಷ. ಬೇಗ ಸಾಯಬೇಕು ಅನ್ನುವ ಆಸೆಯೂ ಒಂದು ದೋಷ! ಸಾವಿನ ಬಗ್ಗೆ ಇಷ್ಟು ಸೂಕ್ಷ್ಮವಾಗಿ ಯೋಚಿಸಿದ ನಿಯಮ ನಾನು ಬೇರೆ ಎಲ್ಲೂ ಓದಿಲ್ಲ. ಆತ್ಮಹತ್ಯೆಯಲ್ಲಿ ಅವಸರ ಇರುತ್ತದೆ, ಗುಟ್ಟು ಇರುತ್ತದೆ. ಇದರಲ್ಲಿ ಎರಡೂ ಇಲ್ಲ. ಅದಕ್ಕೇ 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟು ಇದನ್ನು ಆತ್ಮಹತ್ಯೆ ಅಂತ ಪರಿಗಣಿಸಿದಾಗ ದೇಶದ ಜೈನರೆಲ್ಲ ಬೀದಿಗಿಳಿದರು. ಅದೇ ತಿಂಗಳ 31ಕ್ಕೆ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು.

ಆದರೆ ನನ್ನನ್ನು ಕಾಡುವ ಒಂದು ಶಾಸನವೂ ಅದೇ ಬೆಟ್ಟದ್ದು. ನಮ್ಮ ವಿಷ್ಣುವರ್ಧನನ ರಾಣಿ ಶಾಂತಲೆ ಗೊತ್ತಲ್ಲ, ಬೇಲೂರಿನ ಶಾಂತಲೆ. ಚಿಕ್ಕಬೆಟ್ಟದ ಮೇಲೆ 1123ರಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದವಳು. ಅವಳು 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳು ಹೋದ ಮೇಲೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಊಟ ಬಿಟ್ಟು ಪ್ರಾಣ ಬಿಟ್ಟಳು. ಶಾಸನ ಅದನ್ನು ಹೊಗಳುತ್ತದೆ. ನಾನು ಡಾಕ್ಟರ್ ಆಗಿ ಓದಿದಾಗ ನನಗೆ ಕಾಣುವುದು ಮಗಳನ್ನು ಕಳಕೊಂಡ ಒಬ್ಬ ತಾಯಿ. ಅವಳಿಗೆ ಕಾಯಿಲೆ ಇತ್ತು ಅಂತ ಎಲ್ಲೂ ಇಲ್ಲ. ಇವತ್ತು ಅಂಥ ತಾಯಿ ನನ್ನ ಹತ್ತಿರ ಬಂದರೆ ನಾನು ಅವಳ ದುಃಖಕ್ಕೆ ಚಿಕಿತ್ಸೆ ಕೊಡುತ್ತೇನೆಯೇ ಹೊರತು ವ್ರತಕ್ಕೆ ಒಪ್ಪುವುದಿಲ್ಲ. ಬಹಳ ಶುದ್ಧವಾದ ನಿಯಮದೊಳಗೂ ದುಃಖ, ಒಂಟಿತನ, ಸುತ್ತಲಿನವರ ಮೆಚ್ಚುಗೆ ಇವೆಲ್ಲ ನುಸುಳಿಕೊಂಡು ಬರಬಹುದು. ಜೈನ ಸ್ನೇಹಿತರು ಇದನ್ನು ತಪ್ಪು ತಿಳಿಯಬಾರದು. ಈ ಎಚ್ಚರ ಆ ನಿಯಮಗಳೇ ಕಲಿಸಿದ್ದು.

ಬೇರೆ ಧರ್ಮಗಳು ಏನು ಹೇಳುತ್ತವೆ? ಬೇಗ ಹೇಳುತ್ತೇನೆ. ನಾವು ದೇವಸ್ಥಾನದಲ್ಲಿ ಕೈ ಮುಗಿದು ಕೇಳುವುದೇ ಅನಾಯಾಸ ಮರಣ. ಶರಶಯ್ಯೆಯ ಮೇಲೆ ಮಲಗಿದ ಭೀಷ್ಮ ಉತ್ತರಾಯಣಕ್ಕೆ ಕಾದು ಜೀವ ಬಿಟ್ಟ ಕಥೆ ಎಲ್ಲರಿಗೂ ಗೊತ್ತು. 1982ರ ನವೆಂಬರ್‌ನಲ್ಲಿ ವಿನೋಬಾ ಭಾವೆ ಪವನಾರ್ ಆಶ್ರಮದಲ್ಲಿ ಔಷಧಿ, ಊಟ, ನೀರು ಬಿಟ್ಟು ಹೋದರು. ಪ್ರಧಾನಿ ಇಂದಿರಾ ಗಾಂಧಿ ಅಲ್ಲಿಗೆ ಬಂದು ನೋಡಿದರು. ಯಾರೂ ಮೂಗಿಗೆ ಟ್ಯೂಬ್ ಹಾಕಿಸಲಿಲ್ಲ. ಇಸ್ಲಾಮಿನಲ್ಲಿ ಜೀವ ಅಲ್ಲಾಹನದು, ಕಾಪಾಡಿಕೊಳ್ಳಿ ಅಂತ ನಮಗೆ ಒಪ್ಪಿಸಿದ್ದು, ಅದನ್ನು ನಾವಾಗಿ ಮುಗಿಸುವಂತಿಲ್ಲ. ಆದರೆ ಉಪಯೋಗವಿಲ್ಲದ ಚಿಕಿತ್ಸೆ ನಿಲ್ಲಿಸಬಹುದು ಅಂತ ಒಪ್ಪುವ ಉಲೇಮಾಗಳು, ಅಂದರೆ ಧರ್ಮ ಪಂಡಿತರು, ಬಹಳ ಜನ ಇದ್ದಾರೆ. ಕ್ಯಾಥೊಲಿಕರಲ್ಲಿ 1957ರಲ್ಲೇ ಪೋಪ್ ಹನ್ನೆರಡನೇ ಪಯಸ್, ಅಸಾಧಾರಣ ಚಿಕಿತ್ಸೆ ಮುಂದುವರಿಸಲೇಬೇಕು ಅನ್ನುವ ಕಟ್ಟುಪಾಡಿಲ್ಲ, ನೋವು ತಗ್ಗಿಸುವ ಔಷಧಿಯಿಂದ ಆಯಸ್ಸು ಸ್ವಲ್ಪ ಕಡಿಮೆಯಾದರೂ ಕೊಡಬಹುದು ಅಂದಿದ್ದರು.

ನೋಡಿ, ಯಂತ್ರದ ವಿಷಯದಲ್ಲಿ ಧರ್ಮಗಳ ನಡುವೆ ಅಂಥ ಜಗಳವೇ ಇಲ್ಲ. ಜಗಳ ಬರುವುದು ಅನ್ನದ ಹತ್ತಿರ. ಪೋಪ್ ಎರಡನೇ ಜಾನ್ ಪಾಲ್ 2004ರಲ್ಲಿ, ಟ್ಯೂಬಿನಲ್ಲಿ ಕೊಡುವ ಆಹಾರ ನೀರು ಚಿಕಿತ್ಸೆ ಅಲ್ಲ, ಅದು ಮನುಷ್ಯನಿಗೆ ಕೊಡಲೇಬೇಕಾದ ಆರೈಕೆ ಅಂದರು. ಅನ್ನ ಬಿಡುವುದರಿಂದಲೇ ಜೈನರ ವ್ರತ ಶುರು. ಒಬ್ಬರಿಗೆ ಪಾಪ ಆದದ್ದು ಇನ್ನೊಬ್ಬರಿಗೆ ಅತಿ ದೊಡ್ಡ ಪುಣ್ಯ. ನಮ್ಮ ಮನೆಗಳಲ್ಲೂ ಮನಸ್ಸು ಒಡೆಯುವುದು ಇಲ್ಲೇ. ವೆಂಟಿಲೇಟರ್ ಬೇಡ ಅನ್ನಲು ಮಗನಿಗೆ ಧೈರ್ಯ ಇರುತ್ತದೆ. ಮೂಗಿನ ಟ್ಯೂಬ್ ಬೇಡ ಅನ್ನಲು ಬಾಯಿ ಬರುವುದಿಲ್ಲ. "ನಮ್ಮವ್ವ ಹಸ್ಕೊಂಡು ಸತ್ತಳು ಅಂತ ನಾಳೆ ಜನ ಅನ್ನಬಾರದು" ಅನ್ನುತ್ತಾನೆ.

ಸಕಲೇಶಪುರದ ಕಡೆಯ ಒಬ್ಬ ಅಜ್ಜಿ. ತೊಂಬತ್ತರ ಮೇಲೆ ವಯಸ್ಸು, ಮರೆವಿನ ಕಾಯಿಲೆ, ಮಕ್ಕಳ ಗುರುತೂ ಸಿಗುತ್ತಿರಲಿಲ್ಲ. ಊಟ ಬಿಟ್ಟಿದ್ದರು. ಚಮಚ ತುಟಿಗೆ ತಂದರೆ ಮುಖ ಆ ಕಡೆ ತಿರುಗಿಸುತ್ತಿದ್ದರು. ವಿದೇಶದಲ್ಲಿದ್ದ ಮಗ ವಿಡಿಯೋ ಕಾಲಿನಲ್ಲಿ "ಏನಾದ್ರೂ ಮಾಡಿ, ದುಡ್ಡಿಗೆ ಯೋಚನೆ ಮಾಡಬೇಡಿ" ಅಂದರು. ಆಸ್ಪತ್ರೆಯಲ್ಲಿ ಟ್ಯೂಬ್ ಹಾಕಿದರು. ಅಜ್ಜಿ ಕಿತ್ತು ಹಾಕಿದರು. ಮತ್ತೆ ಹಾಕಿದರು. ಮತ್ತೆ ಕಿತ್ತರು. ಕೊನೆಗೆ ಎರಡೂ ಕೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟಿದರು. ನಾನು ನೋಡಲು ಹೋದಾಗ ಮಣಿಕಟ್ಟಿನ ಸುತ್ತ ಚರ್ಮ ಕೆಂಪಾಗಿ ಸುಲಿದಿತ್ತು, ಬಳೆ ತೆಗೆದ ಜಾಗದಲ್ಲಿ. ಇದನ್ನು ಹಾಕಿಸಿದ್ದು ಅಮ್ಮನನ್ನು ತುಂಬಾ ಪ್ರೀತಿಸುವ ಮಗ. ಅದರಲ್ಲಿ ನನಗೆ ಅನುಮಾನವೇ ಇಲ್ಲ.

ಇಲ್ಲಿ ದೇಹದ ವಿಷಯ ಒಂದು ತಿಳಿದುಕೊಳ್ಳಬೇಕು. ಕಾಯಿಲೆ ಕೊನೆ ಮುಟ್ಟಿ ದೇಹ ಮುಚ್ಚಿಕೊಳ್ಳುತ್ತಾ ಬಂದಾಗ ಹಸಿವು ತಾನಾಗಿ ಹೋಗುತ್ತದೆ. ಊಟ ಬಿಟ್ಟಿದ್ದಕ್ಕೆ ಅವರು ಸಾಯುತ್ತಿಲ್ಲ, ಸಾವು ಹತ್ತಿರ ಬಂದಿದ್ದಕ್ಕೆ ಊಟ ಬಿಟ್ಟಿದ್ದಾರೆ. ಆಗ ಒತ್ತಾಯ ಮಾಡಿ ಟ್ಯೂಬಿನಲ್ಲಿ ಹಾಕಿದ್ದು ಜೀರ್ಣ ಆಗುವುದಿಲ್ಲ. ಹೊಟ್ಟೆ ಉಬ್ಬುತ್ತದೆ, ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ, ನ್ಯುಮೋನಿಯಾ ಆಗುತ್ತದೆ. ಮರೆವಿನ ಕಾಯಿಲೆ ಕೊನೆಯ ಹಂತದಲ್ಲಿದ್ದಾಗ ಟ್ಯೂಬ್ ಹಾಕಿದರೆ ಆಯಸ್ಸು ಹೆಚ್ಚುತ್ತದೆ ಅನ್ನಲು ಆಧಾರವಿಲ್ಲ. ಕೈಯಿಂದ, ಅವರು ಬೇಕು ಅಂದಷ್ಟು, ಒಂದೊಂದೇ ಚಮಚ ಕೊಡುವುದೇ ಮೇಲು.

ಹಾಗಂತ ಟ್ಯೂಬೇ ಕೆಟ್ಟದ್ದು ಅಂತ ಹೊರಡಬೇಡಿ. ಅರಕಲಗೂಡಿನ ಕಡೆ, ಹೊಗೆಸೊಪ್ಪು ಬೆಳೆಯುವ ಸೀಮೆಯವರು ಒಬ್ಬ ರೈತರು. ಗಂಟಲಿನ ಕ್ಯಾನ್ಸರ್. ಕರೆಂಟಿನ (ರೇಡಿಯೇಷನ್) ಚಿಕಿತ್ಸೆ ಎಲ್ಲ ಮುಗಿದು ಇನ್ನೇನೂ ಮಾಡಲಾಗದ ಹಂತ. ಎಂಜಲು ನುಂಗಲೂ ಆಗುತ್ತಿರಲಿಲ್ಲ, ಮಾತು ನಿಂತಿತ್ತು. ಆದರೆ ಹೊಟ್ಟೆ ಹಸಿಯುತ್ತಿತ್ತು. ಮೊಮ್ಮಗನ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸುತ್ತಿದ್ದರು. ನನಗೆ ಮೊದಲ ದಿನ ಬರೆದು ತೋರಿಸಿದ್ದು, "ಸೂಜಿ ಕೊಟ್ಟು ಮುಗಿಸಿ ಸ್ವಾಮಿ". ಕಣ್ಣಲ್ಲಿ ನೀರಿರಲಿಲ್ಲ. ಲೆಕ್ಕ ಚುಕ್ತಾ ಮಾಡಿ ಅಂತ ಕೇಳುವ ಹಾಗೆ ಕೇಳಿದರು. ಅವರಿಗೆ ಟ್ಯೂಬ್ ಬೇಕಿತ್ತು, ಹಾಕಿದೆವು. ತೀವ್ರ ನೋವು ತಗ್ಗಿಸುವ ಮಾರ್ಫಿನ್ ಮಾತ್ರೆ ಬೇಕಿತ್ತು, ಅದು ಹತ್ತಿರದಲ್ಲಿ ಎಲ್ಲೂ ಇರಲಿಲ್ಲ. ಬೆಂಗಳೂರಿನಿಂದ ತರಿಸಬೇಕಾಯಿತು. ಪುಡಿ ಮಾಡಿ ಟ್ಯೂಬಿನಲ್ಲಿ ನಾಲ್ಕು ಗಂಟೆಗೊಮ್ಮೆ ಕೊಡಲು ಸೊಸೆಗೆ ಹೇಳಿಕೊಟ್ಟೆವು. ಮುಂದಿನ ಸಲ ಹೋದಾಗ ನೋಟ್‌ಬುಕ್ಕಿನಲ್ಲಿ ಬರೆದಿದ್ದು, "ಆಲೂಗೆಡ್ಡೆ ಅಗೆಸಿದ್ರಾ ಕೇಳಿ, ಮಗ ಸುಳ್ಳು ಹೇಳ್ತಾನೆ". ಸೂಜಿಯ ಮಾತು ಆಮೇಲೆ ಬರಲೇ ಇಲ್ಲ. ಕೆಲವು ವಾರ ಇದ್ದು ಮನೆಯಲ್ಲೇ ಹೋದರು.

ಇಂಜೆಕ್ಷನ್ ಬೇಕು ಅನ್ನುವವರ ವಾದ ನನಗೆ ಅರ್ಥವಾಗುತ್ತದೆ, ಅದನ್ನು ಹಗುರ ಮಾಡುವುದಿಲ್ಲ. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಒಂದು ಕರು ವಾಸಿಯಾಗದ ನೋವಿನಲ್ಲಿ ಒದ್ದಾಡುತ್ತಿತ್ತು. ಗಾಂಧೀಜಿ ಡಾಕ್ಟರನ್ನು ಕರೆಸಿ ಇಂಜೆಕ್ಷನ್ ಕೊಡಿಸಿ ಅದನ್ನು ಕೊನೆಗಾಣಿಸಿದರು. ಅಹಿಂಸೆಯ ಮನುಷ್ಯ ಕರು ಕೊಲ್ಲಿಸಿದ ಅಂತ ದೇಶದಲ್ಲಿ ದೊಡ್ಡ ಗಲಾಟೆ ಆಯಿತು, ಸಿಟ್ಟಿನ ಪತ್ರಗಳು ಬಂದವು. ಮನುಷ್ಯರಿಗೂ ಇದನ್ನೇ ಮಾಡುತ್ತೀರಾ ಅನ್ನುವ ಪ್ರಶ್ನೆಯಿಂದ ಅವರು ತಪ್ಪಿಸಿಕೊಳ್ಳಲಿಲ್ಲ. ಬೇರೆ ದಾರಿಯೇ ಇಲ್ಲದಿದ್ದರೆ ಹೌದು ಅಂದರು. ಆದರೆ ಮನುಷ್ಯರ ವಿಷಯದಲ್ಲಿ ಸೇವೆ ಮಾಡಲು ಸಾಮಾನ್ಯವಾಗಿ ಏನಾದರೊಂದು ದಾರಿ ಇದ್ದೇ ಇರುತ್ತದೆ ಅಂತಲೂ ಹೇಳಿದರು. ನನ್ನ ತಕರಾರು ಇರುವುದು ಅಲ್ಲೇ. ಆ ದಾರಿಯನ್ನು ನಾವು ನಮ್ಮ ಜನರಿಗೆ ತೆರೆದಿದ್ದೇವಾ?

ತೆರೆದಿಲ್ಲ. ಮಾರ್ಫಿನ್ ದುಬಾರಿ ಔಷಧಿ ಅಲ್ಲ. ಅದನ್ನು ತೆಗೆಯುವ ಅಫೀಮಿನ ಗಿಡ ನಮ್ಮ ದೇಶದಲ್ಲೇ, ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದಲ್ಲಿ, ಸರ್ಕಾರದ ಲೈಸೆನ್ಸಿನಲ್ಲಿ ಬೆಳೆಯುತ್ತಾರೆ, ಹೊರದೇಶಕ್ಕೂ ಕಳಿಸುತ್ತಾರೆ. 1985ರ ಮಾದಕ ವಸ್ತು ಕಾನೂನು ಬಂದ ಮೇಲೆ ಹಲವು ಲೈಸೆನ್ಸು, ಜೈಲಿನ ಹೆದರಿಕೆ ಎರಡೂ ಸೇರಿ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳುವುದನ್ನೇ ಬಿಟ್ಟವು. 2014ರಲ್ಲಿ ತಿದ್ದುಪಡಿ ಮಾಡಿ ನಿಯಮ ಸಡಿಲ ಮಾಡಿದರು. ಆದರೂ ತಾಲೂಕಿನ ಮಟ್ಟಕ್ಕೆ ಅದು ಇಳಿದಿಲ್ಲ. ಡಾಕ್ಟರುಗಳಿಗೂ ಅದನ್ನು ಬರೆಯಲು ಅಂಜಿಕೆ. ಕೇರಳದಲ್ಲಿ ಊರಿನ ಸ್ವಯಂಸೇವಕರೇ ಮನೆ ಮನೆಗೆ ಹೋಗಿ ಉಪಶಮನ ಆರೈಕೆ (ವಾಸಿಯಾಗದ ಕಾಯಿಲೆಯ ನೋವು, ಸಂಕಟ ತಗ್ಗಿಸುವ ಆರೈಕೆ) ಮಾಡುವ ವ್ಯವಸ್ಥೆ ಕಟ್ಟಿಕೊಂಡಿದ್ದಾರೆ. ಬೆಂಗಳೂರಿನಲ್ಲಿ ಕರುಣಾಶ್ರಯ 1999ರಿಂದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ. ನಮ್ಮ ಆಲೂರಿನ, ಮೂಡಿಗೆರೆಯ, ಕಡೂರಿನ ರೋಗಿಗೆ ಏನಿದೆ? ನೋವಿಗೆ ಮಾತ್ರೆ ಕೊಡಲಾಗದ ಕಡೆ ಸಾಯಲು ಇಂಜೆಕ್ಷನ್ ಕೊಡುತ್ತೇವೆ ಅನ್ನುವುದನ್ನು ನಾನು ಒಪ್ಪಲಾರೆ. ಅದು ಆಯ್ಕೆ ಅಲ್ಲ, ದಿಕ್ಕಿಲ್ಲದ್ದು.

ನೋವೊಂದೇ ಕಾರಣ ಅಲ್ಲ ಅನ್ನುವುದೂ ನನಗೆ ಗೊತ್ತು. ಅಮೆರಿಕದ ಆರೆಗಾನ್ ರಾಜ್ಯದಲ್ಲಿ 1997ರಿಂದ, ಸಾವು ಹತ್ತಿರವಿರುವ ರೋಗಿಗಳು ಡಾಕ್ಟರ್ ಬರೆದುಕೊಟ್ಟ ಔಷಧಿ ಪಡೆದು ತಾವೇ ಜೀವ ಮುಗಿಸಿಕೊಳ್ಳಬಹುದು. ಅಲ್ಲಿ ಜನ ಕೊಡುವ ಕಾರಣಗಳಲ್ಲಿ ನೋವು ಮೊದಲನೆಯದಲ್ಲ. ನನ್ನ ಕೆಲಸ ನಾನೇ ಮಾಡಿಕೊಳ್ಳಲು ಆಗುತ್ತಿಲ್ಲ ಅನ್ನುವುದು ಮೇಲೆ ಬರುತ್ತದೆ. ಮನೆಯವರಿಗೆ ಭಾರ ಆಗಿದ್ದೇನೆ ಅನ್ನುವವರೂ ತುಂಬಾ ಜನ. ನೆದರ್‌ಲ್ಯಾಂಡ್ಸ್, ಬೆಲ್ಜಿಯಂನಲ್ಲಿ 2002ರಿಂದ ಡಾಕ್ಟರೇ ಇಂಜೆಕ್ಷನ್ ಕೊಡುವುದು ಕಾನೂನುಬದ್ಧ. ಕೆನಡಾ 2016ರಲ್ಲಿ ಸಾವು ಹತ್ತಿರವಿದ್ದವರಿಗೆ ಅಂತ ಶುರು ಮಾಡಿತು, 2021ರಲ್ಲಿ ಸಾವು ಹತ್ತಿರವಿಲ್ಲದವರಿಗೂ ವಿಸ್ತರಿಸಿತು. ಆ ಜನ ಕೆಟ್ಟವರಲ್ಲ, ಅವರ ವಾದಕ್ಕೆ ತೂಕ ಇದೆ. ಸ್ವಂತ ಪಿಂಚಣಿ, ಸ್ವಂತ ಮನೆ, ಸರ್ಕಾರದ ಆಸ್ಪತ್ರೆ ಇದ್ದು ಬೇಡ ಅನ್ನುವುದು ಒಂದು. ನಮ್ಮಲ್ಲಿ ಭಾರ ಅನ್ನುವ ಮಾತು ಎಲ್ಲಿಂದ ಹುಟ್ಟುತ್ತದೆ ಯೋಚನೆ ಮಾಡಿ. ಮಗ ಬೆಂಗಳೂರಿನಲ್ಲಿ, ಸೊಸೆಗೆ ಕೆಲಸ, ಊರಲ್ಲಿ ನೋಡಿಕೊಳ್ಳುವವರಿಲ್ಲ, ಕಮೋಡ್‌ವರೆಗೆ ಹಿಡಿದುಕೊಂಡು ಹೋಗುವವರಿಗೆ ದಿನಕ್ಕೆ ಇಷ್ಟು ಅಂತ ಕೊಡಬೇಕು. ತಮಿಳುನಾಡಿನ ದಕ್ಷಿಣದ ಕೆಲವು ಹಳ್ಳಿಗಳಲ್ಲಿ ಹಾಸಿಗೆ ಹಿಡಿದ ಮುದುಕರಿಗೆ ಬೆಳಗ್ಗೆ ತಲೆಗೆ ಎಣ್ಣೆ ಹಚ್ಚಿ ತಣ್ಣೀರು ಹೊಯ್ದು, ಎಳನೀರು ಕುಡಿಸಿ ಸಾಯಿಸುವ ರೂಢಿ ಇತ್ತು. ತಲೈಕೂತಲ್ ಅನ್ನುತ್ತಾರೆ. ಅದನ್ನೂ ಮಾಡಿದ್ದು ಮನೆಯವರೇ, ಕರುಣೆಯ ಹೆಸರಿನಲ್ಲೇ. ಕೆಲವು ಮುದುಕರು ಮುಂಚೆಯೇ ಸುಳಿವು ಸಿಕ್ಕಿ ಮನೆ ಬಿಟ್ಟು ಓಡಿದ್ದೂ ಉಂಟು. ಇಂಜೆಕ್ಷನ್‌ಗೆ ಕಾನೂನು ಬಂದರೆ "ನನಗೆ ಸಾಕು" ಅನ್ನುವುದು ಮುದುಕರ ಬಾಯಿಂದಲೇ ಬರುತ್ತದೆ, ಆದರೆ ಅದನ್ನು ಬಾಯಿಗೆ ತಂದವರು ಯಾರು ಅಂತ ಯಾವ ಮಂಡಳಿಯೂ ಕಂಡುಹಿಡಿಯಲಾರದು.

ಆದ್ದರಿಂದ ನನ್ನ ನಿಲುವು ಇದು. ಯಂತ್ರ ಬೇಡ ಅನ್ನುವ ಹಕ್ಕು ಪ್ರತಿಯೊಬ್ಬರಿಗೂ ಬೇಕು, ಅದನ್ನು ಬಾಯಿಬಿಟ್ಟು ಹೇಳಬೇಕು, ಬರೆದಿಡಬೇಕು. ಇಂಜೆಕ್ಷನ್ ಈಗ ಬೇಡ. ಮೊದಲು ನೋವಿನ ಮಾತ್ರೆ ತಾಲೂಕು ಆಸ್ಪತ್ರೆಗೆ ಬರಲಿ. ಮಠ, ಮಸೀದಿ, ಚರ್ಚು, ಬಸದಿಗಳು ದಯಾಮರಣ ತಪ್ಪು ಸರಿ ಅಂತ ಹೇಳಿಕೆ ಕೊಡುವುದಕ್ಕಿಂತ ಮೊದಲು ಹಾಸಿಗೆ ಹಿಡಿದವರನ್ನು ನೋಡಿಕೊಳ್ಳಲು ಊರಿಗೆ ನಾಲ್ಕು ಜನರನ್ನು ತಯಾರು ಮಾಡಲಿ.

ಲಿವಿಂಗ್ ವಿಲ್ ಬರೆಯುವುದು ಕಷ್ಟವಿಲ್ಲ. 18 ತುಂಬಿ ಬುದ್ಧಿ ಸ್ವಾಧೀನದಲ್ಲಿರುವ ಯಾರು ಬೇಕಾದರೂ ಬರೆಯಬಹುದು. ಇಬ್ಬರು ಸಾಕ್ಷಿ ಬೇಕು. ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಸಹಿ ಮಾಡಬೇಕು. ನಿಮಗೆ ಪ್ರಜ್ಞೆ ಇಲ್ಲದಾಗ ನಿಮ್ಮ ಪರವಾಗಿ ಮಾತಾಡುವವರ ಹೆಸರು ಬರೆಯಬೇಕು, ಒಬ್ಬರಿಗಿಂತ ಜಾಸ್ತಿ ಹೆಸರೂ ಹಾಕಬಹುದು. ಒಂದೊಂದು ಪ್ರತಿ ಅವರಿಗೆ, ನಿಮ್ಮ ಡಾಕ್ಟರಿಗೆ, ಸ್ಥಳೀಯ ಆಡಳಿತದಲ್ಲಿ ಇದಕ್ಕೆ ನೇಮಿಸಿದ ಅಧಿಕಾರಿಗೆ ಕೊಡಬೇಕು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬದಲಿಸಬಹುದು. ನೀವು ಮಾತಾಡುವ ಸ್ಥಿತಿಯಲ್ಲಿ ಇರುವವರೆಗೆ ಆ ಕಾಗದಕ್ಕೆ ಕೆಲಸವೇ ಇಲ್ಲ, ನಿಮ್ಮ ಮಾತೇ ನಡೆಯುತ್ತದೆ.

ಇನ್ನು ಪ್ರಶ್ನೆಗಳು.

ಒಬ್ಬರು ಹಿರಿಯರು ಕೇಳಿದರು: "ಆಸ್ತಿ ಆಸೆಗೆ ಮಕ್ಕಳು ಇದನ್ನು ದುರುಪಯೋಗ ಮಾಡಿಕೊಂಡರೆ?" ಭಯ ಸುಳ್ಳಲ್ಲ. ಅದಕ್ಕೇ ಎರಡು ಮಂಡಳಿ ಇಟ್ಟಿದ್ದಾರೆ. ನನ್ನ ಸಲಹೆ, ಹೆಸರು ಬರೆಯುವಾಗ ನಿಮ್ಮ ಆಸ್ತಿಯಲ್ಲಿ ಪಾಲಿಲ್ಲದ ಒಬ್ಬರನ್ನಾದರೂ ಹಾಕಿ. ಹಳೇ ಸ್ನೇಹಿತರು, ತಂಗಿಯ ಮಗ, ಯಾರಾದರೂ ಸರಿ. ಆಮೇಲೆ ಮಕ್ಕಳನ್ನೆಲ್ಲ ಕೂರಿಸಿಕೊಂಡು ಒಂದೇ ಸಲ ಎಲ್ಲರಿಗೂ ಹೇಳಿ. ಒಬ್ಬನಿಗೆ ಮಾತ್ರ ಗುಟ್ಟಾಗಿ ಹೇಳಿದರೆ ಜಗಳ ಶುರುವಾಗುವುದು ಅಲ್ಲೇ.

ಇನ್ನೊಬ್ಬರು: "ಕರ್ಮ ಅನುಭವಿಸಿಯೇ ತೀರಿಸಬೇಕಲ್ವಾ? ಮುಂಚೆಯೇ ಕಳಿಸಿದರೆ ಉಳಿದದ್ದು ಮುಂದಿನ ಜನ್ಮಕ್ಕೆ ಬರುತ್ತದೆ." ಈ ನಂಬಿಕೆ ಇದ್ದವರು ಅದನ್ನೇ ಬರೆದಿಡಬಹುದು, ನನಗೆ ಎಲ್ಲ ಚಿಕಿತ್ಸೆ ಕೊನೆತನಕ ಕೊಡಿ ಅಂತ. ಅದೂ ಒಂದು ಆಯ್ಕೆ, ಅದಕ್ಕೂ ಗೌರವ ಕೊಡಬೇಕು. ಆದರೆ ಇನ್ನೊಬ್ಬರ ಕರ್ಮ ಅವರು ಅನುಭವಿಸಲಿ ಅಂತ ನೋವಿನ ಔಷಧಿ ಕೊಡದೆ ಇರುವ ಅಧಿಕಾರ ನನಗೂ ಇಲ್ಲ, ನಿಮಗೂ ಇಲ್ಲ. ನನ್ನ ಎದುರು ಒಬ್ಬರು ಒದ್ದಾಡುತ್ತಿದ್ದಾರೆ ಅಂದರೆ ಅವರಿಗೆ ಸಹಾಯ ಮಾಡುವುದು ನನ್ನ ಪಾಲಿನ ಕರ್ಮ.

ಕೊನೆಗೆ ಒಬ್ಬ ಹೆಣ್ಣುಮಗಳು ಎದ್ದು ನಿಂತು ಕೇಳಿದರು: "ನಮ್ಮತ್ತೆ ನಾಲ್ಕು ದಿನದಿಂದ ಏನೂ ತಿಂತಿಲ್ಲ ಸಾರ್. ನಾಳೆ ಏನ್ ಮಾಡ್ಲಿ?"

ಮೊದಲು ಡಾಕ್ಟರಿಗೆ ತೋರಿಸಿ, ಎಲ್ಲವನ್ನೂ ವಯಸ್ಸಾಯ್ತು ಅಂತ ತಳ್ಳಬೇಡಿ ಅಂದೆ. ಬಾಯಿಯೊಳಗೆ ಬಿಳಿ ಹುಣ್ಣು ಆಗಿದೆಯಾ, ಹಲ್ಲು ನೋವಾ, ಮಲಬದ್ಧತೆಯಾ, ಹೊಸ ಮಾತ್ರೆಯಿಂದ ಬಾಯಿ ರುಚಿ ಕೆಟ್ಟಿದೆಯಾ, ಮನಸ್ಸಿಗೆ ಬೇಜಾರಾಗಿದೆಯಾ ನೋಡಬೇಕು. ಇವು ಸರಿಯಾಗುವಂಥವು. ಇವ್ಯಾವುದೂ ಅಲ್ಲ, ಕಾಯಿಲೆಯೇ ಕೊನೆ ಮುಟ್ಟಿದೆ ಅಂತಾದರೆ ಒತ್ತಾಯ ಬೇಡ. ತಲೆ ಎತ್ತರಿಸಿ ಕೂರಿಸಿ. ಕೇಳಿದರೆ ರಾಗಿ ಗಂಜಿ, ಮಜ್ಜಿಗೆ, ಅವರಿಗೆ ಇಷ್ಟವಾದದ್ದು ಒಂದು ಚಮಚ ಕೊಡಿ. ನುಂಗಿದ ಮೇಲೆ ಇನ್ನೊಂದು. ಬಾಯಿ ತಿರುಗಿಸಿದರೆ ನಿಲ್ಲಿಸಿ. ತೇವದ ಹತ್ತಿಯಿಂದ ಬಾಯಿ ಒರೆಸುತ್ತಿರಿ, ತುಟಿಗೆ ತುಪ್ಪ ಸವರಿ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಟ್ಯೂಬ್ ಹಾಕೋಣ ಅಂತ ಡಾಕ್ಟರ್ ಹೇಳಿದರೆ ಹೆದರದೆ ಕೇಳಿ, ಹಾಕಿದರೆ ಅತ್ತೆಗೆ ಏನು ಸಿಗುತ್ತದೆ, ಎಷ್ಟು ದಿನಕ್ಕೆ, ಕಿತ್ತರೆ ಏನು ಮಾಡುತ್ತೀರಿ ಅಂತ. ಮತ್ತೆ ಅತ್ತೆಗೆ ತಿಳುವಳಿಕೆ ಇದ್ದರೆ ಅವರನ್ನೇ ಕೇಳಿ. "ಅವರನ್ನ ಕೇಳಿಲ್ಲ ಸಾರ್" ಅಂದರು ಆಕೆ. ಇವತ್ತು ರಾತ್ರಿಯೇ ಕೇಳಿ ಅಂದೆ, ಗಂಡನನ್ನೂ ಪಕ್ಕದಲ್ಲಿ ಕೂರಿಸಿಕೊಂಡು.